ಹಳೆಯ ಕಾರಿನ ಸಸ್ಪೆನ್ಷನ್: ಭಾಗ ನೋಡಿ ಅಂಗಡಿ ಹುಡುಕಿ

ಮದ್ದೂರು ಎಂದರೆ ಕನ್ನಡ ಓದುಗರಿಗೆ ಮಂಡ್ಯ ಜಿಲ್ಲೆಯ ವಡೆಯ ಊರು ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ತೆಲಂಗಾಣದ ಮದ್ದೂರಿನ ಮಾತು. 2019ರ ಫೆಬ್ರವರಿಯಲ್ಲಿ ಮಹಬೂಬನಗರದಿಂದ ಬೇರ್ಪಟ್ಟ ನಾರಾಯಣಪೇಟೆ ಜಿಲ್ಲೆಯ ಮಂಡಲ ಕೇಂದ್ರ ಅದು. ಗುರುಮಠಕಲ್, ಯಾದಗಿರಿ, ರಾಯಚೂರುಗಳ ಜೊತೆ ಹೆಣ್ಣು ಕೊಟ್ಟು ತರುವ ನಂಟಿರುವ ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹದಂಗಡಿಯಲ್ಲಿ ಕೇಳುತ್ತವೆ. ರಸ್ತೆಯಲ್ಲಿ ಓಡಾಡುವ ಹಳೆಯ ಕಾರುಗಳ ನಂಬರ್ ಪ್ಲೇಟುಗಳೂ ಹಾಗೆಯೇ. ತೆಲಂಗಾಣ ರಾಜ್ಯ ಹುಟ್ಟುವ ಮೊದಲಿನ ಎಪಿ 22, ಆಮೇಲಿನ ಟಿಎಸ್ 06, ಗಡಿಯಾಚೆಯಿಂದ ಬಂದ ಕೆಎ 36, ಕೆಎ 33 ಎಲ್ಲವೂ ಇಲ್ಲಿವೆ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾ, ಓಮ್ನಿ, ಬೊಲೆರೊ, ಕ್ವಾಲಿಸ್. ಇವು ಶೋಕಿಗೆ ಇಟ್ಟುಕೊಂಡ ಗಾಡಿಗಳಲ್ಲ. ಬಾಣಂತಿಯನ್ನು ತವರಿಗೆ ಬಿಡಲಿಕ್ಕೆ, ಬೀಜ ಗೊಬ್ಬರ ತರಲಿಕ್ಕೆ, ರಾತ್ರಿ ಹೊತ್ತು ಎದೆನೋವು ಬಂದವರನ್ನು ಮಹಬೂಬನಗರಕ್ಕೋ ರಾಯಚೂರಿಗೋ ಮುಟ್ಟಿಸಲಿಕ್ಕೆ ಮನೆಯವರು ನಂಬಿಕೊಂಡಿರುವ ಗಾಡಿಗಳು.

ಇಂಥ ಗಾಡಿಯ ಮುಂಗಾಲಿಯಿಂದ ಒಂದು ದಿನ ರೋಡ್ ಹಂಪ್ ಹತ್ತಿ ಇಳಿಯುವಾಗ ‘ಟಕ್ ಟಕ್’ ಸದ್ದು ಬರುತ್ತದೆ. ಮಿಸ್ತ್ರಿ ಅಡಿಗೆ ಹೋಗಿ ನೋಡಿ, ‘ಸಸ್ಪೆನ್ಷನ್ ಹೋಗೇದ, ಸಾಮಾನು ತರಬೇಕು’ ಎನ್ನುತ್ತಾನೆ. ಎಲ್ಲಿಂದ ತರುವುದು? ಊರಿನ ಅಂಗಡಿಯೋ, ಕಂಪನಿ ಶೋರೂಮೋ, ಹೈದರಾಬಾದಿನ ರಾಣಿಗಂಜೋ, ಗುಜರಿಯೋ, ಫೋನಿನಲ್ಲಿ ತರಿಸುವುದೋ? ಸಾಮಾನ್ಯವಾಗಿ ಮೊದಲು ಅಂಗಡಿ ನಿಶ್ಚಯವಾಗಿ, ಆ ಅಂಗಡಿಯಲ್ಲಿ ಸಿಕ್ಕದ್ದು ಗಾಡಿಗೆ ಏರುತ್ತದೆ. ಈ ಕ್ರಮ ತಲೆಕೆಳಗಾಗಬೇಕು. ಯಾವ ಭಾಗ ಹೋಗಿದೆ, ಅದು ನಡುದಾರಿಯಲ್ಲಿ ಕೈಕೊಟ್ಟರೆ ಏನಾಗುತ್ತದೆ ಎಂಬುದೇ ಅಂಗಡಿಯನ್ನು ಆರಿಸಬೇಕು.

ಮೊದಲು ಏನು ಹೋಗಿದೆ ಎಂದು ತಿಳಿಯಲಿ

ಸಸ್ಪೆನ್ಷನ್ ಒಂದು ವಸ್ತುವಲ್ಲ. ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಅಬ್ಸಾರ್ಬರ್, ಅದರ ಸುತ್ತ ಕಾಯಿಲ್ ಸ್ಪ್ರಿಂಗ್, ಮೇಲೆ ರಬ್ಬರ್ ಮೌಂಟು ಮತ್ತು ಬೇರಿಂಗು ಸೇರಿ ಒಂದು ಕಂಬ. ಕೆಳಗೆ ಲೋವರ್ ಆರ್ಮ್, ಅದರ ತುದಿಗೆ ಬಾಲ್ ಜಾಯಿಂಟ್, ಒಳಗಡೆ ರಬ್ಬರ್ ಬುಷ್‌ಗಳು. ಪಕ್ಕದಲ್ಲಿ ಸ್ಟೆಬಿಲೈಸರ್ ಬಾರಿಗೆ ಕೂಡಿಸುವ ಲಿಂಕ್ ರಾಡ್. ಸ್ಟಿಯರಿಂಗ್ ಕಡೆಯಿಂದ ಬರುವ ಟೈ ರಾಡ್ ಎಂಡ್. ಓಮ್ನಿ, ಬೊಲೆರೊ, ಕ್ವಾಲಿಸ್‌ಗಳ ಹಿಂಭಾಗದಲ್ಲಿ ಕಮಾನ್ ಪಟ್ಟಿ.

ಇವುಗಳಲ್ಲಿ ಯಾವುದು ಸವೆದಿದೆ ಎಂದು ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ಗಾಡಿಯ ಒಂದು ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ನಿಲ್ಲಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಶಾಕ್ ಸತ್ತಿದೆ. ಶಾಕ್‌ನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೂ ಅದೇ ಅರ್ಥ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್ ನೋಡಬೇಕು. ಎಡ ಬಲ ಅಲುಗಿದರೆ ಟೈ ರಾಡ್ ಕಡೆ ನೋಡಬೇಕು. ಸಣ್ಣ ಗುಂಡಿಗೂ ಖಟಖಟ ಎನ್ನುವ ಗಾಡಿಯಲ್ಲಿ ಎಷ್ಟೋ ಸಲ ಹೋಗಿರುವುದು ಲಿಂಕ್ ರಾಡ್ ಅಥವಾ ಬುಷ್ ಮಾತ್ರ. ಶಾಕ್ ಜೋಡಿಯ ಬೆಲೆಗೆ ಹೋಲಿಸಿದರೆ ಅದು ಸಣ್ಣ ಖರ್ಚು. ಇದನ್ನು ನೋಡದೆ ‘ಪೂರಾ ಸಸ್ಪೆನ್ಷನ್ ಕಿಟ್’ ತರಲು ಹೊರಟವರು ಮೊದಲ ಹಣವನ್ನು ಅಂಗಡಿ ಮುಟ್ಟುವ ಮುಂಚೆಯೇ ಕಳೆದುಕೊಳ್ಳುತ್ತಾರೆ.

ಡಬ್ಬಿಯೊಳಗೆ ಯಾರ ಮಾಲು?

ಕೌಂಟರಿನ ಮುಂದೆ ನಿಂತಾಗ ಬರುವ ಮೊದಲ ಪ್ರಶ್ನೆ ಈ ಕಡೆ ಹೆಚ್ಚುಕಡಿಮೆ ಒಂದೇ: ‘ಅಣ್ಣಾ, ಕಂಪನಿದು ಬೇಕೇನ್ರಿ, ಲೋಕಲ್ ನಡೀತದೇನ್ರಿ?’ ಈ ಎರಡು ಮಾತುಗಳ ನಡುವೆ ಇನ್ನೂ ಹಲವು ದರ್ಜೆಗಳಿವೆ.

ಕಾರಿನ ಕಂಪನಿಗಳು ಶಾಕ್, ಬಾಲ್ ಜಾಯಿಂಟ್‌ಗಳನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಅದಕ್ಕೆಂದೇ ಇರುವ ತಯಾರಕರಿಂದ ಕೊಳ್ಳುತ್ತವೆ. 1961ರಲ್ಲಿ ಆರಂಭವಾದ ಗೇಬ್ರಿಯಲ್ ಇಂಡಿಯಾ ಶಾಕ್‌ಗಳಿಗೆ ಹೆಸರಾದದ್ದು. ಮೈಸೂರಿನಲ್ಲೂ ಕಾರ್ಖಾನೆ ಇರುವ ರಾಣೆ ಮದ್ರಾಸ್ ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್ ಜೋಡಣೆಗಳಿಗೆ, ಜಮ್ನಾ ಆಟೊ ಕಮಾನ್ ಪಟ್ಟಿಗಳಿಗೆ ಹೆಸರುವಾಸಿ. ಹುಂಡೈ ಗಾಡಿಗಳಿಗೆ ಮಾಂಡೊ ಭಾಗ ಪೂರೈಸುತ್ತದೆ. ಇಂಥ ತಯಾರಕರ ಮಾಲು ಕಾರಿನ ಕಂಪನಿಯ ಡಬ್ಬಿಯಲ್ಲಿ ಬಂದರೆ ‘ಜೆನ್ಯೂಯಿನ್’. ಅದೇ ತಯಾರಕರು ತಮ್ಮದೇ ಡಬ್ಬಿಯಲ್ಲಿ ಪೇಟೆಗೆ ಬಿಟ್ಟರೆ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಮೂರನೆಯದು, ನಿಮ್ಮ ಕಾರಿಗೆ ಹುಟ್ಟಿನಲ್ಲಿ ಪೂರೈಸದಿದ್ದರೂ ಹೆಸರು, ವಿಳಾಸ, ವಾರಂಟಿ ಇರುವ ಬೇರೆ ತಯಾರಕರ ಮಾಲು. ನಾಲ್ಕನೆಯದು ಊರು ಹೆಸರಿಲ್ಲದ ಲೋಕಲ್. ಐದನೆಯದು ಹೆಸರಾಂತ ಡಬ್ಬಿಯನ್ನು ನಕಲು ಮಾಡಿದ ಡೂಪ್ಲಿಕೇಟ್. ಆರನೆಯದು ಗುಜರಿಯ ಹಳೆಯ ಮಾಲು; ಅದರ ಜೊತೆಗೇ ಎಣ್ಣೆ ತುಂಬಿ ಬಣ್ಣ ಬಳಿದ ರೀಕಂಡೀಷನ್ ಶಾಕ್.

ಎರಡನೆಯ ದರ್ಜೆಯ ಮಾಲು ಹೊರಗಿನ ಪೇಟೆಯಲ್ಲಿ ಸಿಗಬೇಕು ಎಂಬುದಕ್ಕಾಗಿ ನಮ್ಮ ದೇಶದಲ್ಲಿ ದೊಡ್ಡ ವ್ಯಾಜ್ಯವೇ ನಡೆದಿದೆ. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದಿದ್ದಾರೆ ಎಂಬ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಬಿಡಿ ಮೆಕ್ಯಾನಿಕ್‌ಗಳಿಗೂ ಸಿಗುವಂತೆ ಮಾಡಬೇಕೆಂದೂ ಆದೇಶಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ‘ರಿಪೇರಿ ಹಕ್ಕು’ ಪೋರ್ಟಲ್‌ನಲ್ಲೂ ವಾಹನಗಳು ಸೇರಿವೆ. ಶೋರೂಮಿನಿಂದ ದೂರ ಇರುವ ಮದ್ದೂರಿನಂಥ ಊರಿಗೆ ಈ ಆದೇಶ, ಈ ಹಕ್ಕು ಬಹಳ ಬೇಕಾದವು. ಇಲ್ಲಿ ಗಾಡಿಯ ಆಯುಷ್ಯ ನಿಂತಿರುವುದು ಬಿಡಿ ಮಿಸ್ತ್ರಿಯ ಕೈಯಲ್ಲಿ.

ಎಲ್ಲೆಲ್ಲಿ ಏನು ಸಿಗುತ್ತದೆ

ಊರಿನ ಅಂಗಡಿಯಿಂದ ಆರಂಭಿಸೋಣ. ಮಂಡಲ ಊರುಗಳ ಆಟೊಮೊಬೈಲ್ ಅಂಗಡಿಯ ಜೀವನ ನಡೆಯುವುದು ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಂದ. ಕಾರಿನ ಸಾಮಾನು ಅಲ್ಲಿ ಕಡಿಮೆ. ಇದ್ದರೂ ಬೇಗ ಮಾರಾಟವಾಗುವ ಬುಷ್, ಲಿಂಕ್ ರಾಡ್‌ಗಳು. ಆದರೆ ಅಂಗಡಿಯವನು ಪರಿಚಯದವನು, ಹೊಂದದಿದ್ದರೆ ಬದಲಿಸಿ ಕೊಡುತ್ತಾನೆ, ಫೋನ್ ಮಾಡಿದರೆ ನಾರಾಯಣಪೇಟೆ ಅಥವಾ ಮಹಬೂಬನಗರದಿಂದ ಸಂಜೆಗೆ ತರಿಸುತ್ತಾನೆ. ಬದಲಿಸಿ ಕೊಡುವ ಈ ಅನುಕೂಲವನ್ನು ದುಡ್ಡಿನಲ್ಲಿ ಲೆಕ್ಕ ಹಾಕಬೇಕು. ದೂರದಲ್ಲಿ ನೂರು ರೂಪಾಯಿ ಉಳಿಸಿ, ತಪ್ಪಾದ ಬುಷ್ ಹಿಂದಿರುಗಿಸಲು ಒಂದು ದಿನದ ಕೂಲಿ ಕಳೆದುಕೊಂಡರೆ ಉಳಿದದ್ದೇನು?

ಎರಡನೆಯದು ಕಂಪನಿಯ ಅಧಿಕೃತ ಕೌಂಟರ್. ಅದಕ್ಕಾಗಿ ಮಹಬೂಬನಗರಕ್ಕೋ ರಾಯಚೂರಿಗೋ ಹೋಗಬೇಕು. ಇದರ ದೊಡ್ಡ ಬಲ ಪಾರ್ಟ್ ನಂಬರ್. ಗಾಡಿಯ ಚಾಸಿ ನಂಬರ್ ಕೊಟ್ಟರೆ ನಿಮ್ಮ ಗಾಡಿಗೆ ಹುಟ್ಟಿನಲ್ಲಿ ಹಾಕಿದ ಭಾಗ ಯಾವುದೆಂದು ಅವರ ಕಂಪ್ಯೂಟರ್ ಹೇಳುತ್ತದೆ. ‘ಸ್ವಿಫ್ಟ್’ ಎಂದರೆ ಸಾಲದು; 2005ರದ್ದೋ 2011ರ ನಂತರದ್ದೋ, ಪೆಟ್ರೋಲೋ ಡೀಸೆಲ್ಲೋ ಎಂಬುದರ ಮೇಲೆ ಶಾಕ್ ಬೇರೆಯಾಗುತ್ತದೆ. ಪೇಟೆಯವರು ‘ಟೈಪ್ ಒನ್ನಾ, ಟೈಪ್ ಟೂನಾ’ ಎಂದು ಕೇಳುವುದು ಇದನ್ನೇ. ಕೊಳ್ಳುವುದು ಬೇರೆ ಕಡೆಯಾದರೂ ಈ ನಂಬರನ್ನು ಬರೆದಿಟ್ಟುಕೊಂಡರೆ ಮುಂದಿನ ಎಲ್ಲ ಅಂಗಡಿಗಳಲ್ಲೂ ಮಾತು ಸುಲಭ.

ಮೂರನೆಯದು ರಾಯಚೂರು, ಮಹಬೂಬನಗರಗಳ ಬಹು ಕಂಪನಿ ಬಿಡಿಭಾಗದ ಅಂಗಡಿಗಳು. ನಮ್ಮ ಸೀಮೆಗೆ ನಡುದಾರಿ ಇವೇ. ತಯಾರಕರ ಡಬ್ಬಿಯ ಮಾಲು ಇಲ್ಲಿ ಸಿಗುತ್ತದೆ, ಬಸ್ಸಿನಲ್ಲಿ ಹೋಗಿ ಅಂದೇ ಮರಳಬಹುದು. ರಾಯಚೂರಿನಲ್ಲಿ ಕೊಂಡರೆ ತೆರಿಗೆ ಬೇರೆಯಾದೀತೇ ಎಂಬ ಅನುಮಾನ ಬೇಡ. 2017ರ ಜುಲೈ 1ರಿಂದ ಜಿಎಸ್‌ಟಿ ಎರಡೂ ರಾಜ್ಯಗಳಲ್ಲಿ ಒಂದೇ ದರ. ಕಾರಿನ ಬಿಡಿಭಾಗಗಳ ಮೇಲೆ ಮೊದಲು ಹೆಚ್ಚಾಗಿ ಶೇ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ದಾಸ್ತಾನಿನ ಡಬ್ಬಿಯ ಮೇಲೆ ಹಳೆಯ ಬೆಲೆಯೇ ಅಚ್ಚಾಗಿರಬಹುದು. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆ ಎಂದು ನೋಡಿಕೊಳ್ಳಬೇಕು.

ನಾಲ್ಕನೆಯದು ಮಹಾನಗರದ ಪೇಟೆ. ಮಹಬೂಬನಗರದಿಂದ ಸುಮಾರು 100 ಕಿಲೋಮೀಟರ್ ಆಚೆಯ ಹೈದರಾಬಾದಿನಲ್ಲಿ ಸಿಕಂದರಾಬಾದ್ ಬದಿಯ ರಾಣಿಗಂಜ್, ಹಳೆಯ ಊರಿನ ಕಡೆಯ ಪುತ್ಲಿಬೌಲಿ ಬಿಡಿಭಾಗಗಳಿಗೆ ಹೆಸರಾದವು. ಬೆಂಗಳೂರಿಗೆ ಜೆ.ಸಿ. ರಸ್ತೆ, ದೆಹಲಿಗೆ ಕಾಶ್ಮೀರಿ ಗೇಟ್ ಹೇಗೋ ಇವು ಹೈದರಾಬಾದಿಗೆ ಹಾಗೆ. ಎಲ್ಲ ದರ್ಜೆಯ ಮಾಲೂ ಒಂದೇ ಬೀದಿಯಲ್ಲಿ ಸಿಗುವುದು ಈ ಪೇಟೆಗಳ ಶಕ್ತಿ. ಅಪಾಯ ಇರುವುದೂ ಅಲ್ಲೇ, ಏಕೆಂದರೆ ಒಳ್ಳೆಯ ಮಾಲಿನ ಪಕ್ಕದ ಹಲಗೆಯಲ್ಲೇ ನಕಲೂ ಕೂತಿರುತ್ತದೆ. ಒಂದು ಲಿಂಕ್ ರಾಡಿಗಾಗಿ ಅಷ್ಟು ದೂರ ಹೋಗುವುದರಲ್ಲಿ ಅರ್ಥವಿಲ್ಲ. ನಾಲ್ಕು ಶಾಕ್, ಎರಡು ಲೋವರ್ ಆರ್ಮ್, ಮೌಂಟುಗಳು ಒಟ್ಟಿಗೆ ಬೇಕಾದಾಗ ಅಥವಾ ಅಪರೂಪದ ಮಾಡೆಲ್‌ಗೆ ಹುಡುಕುವಾಗ ಮಾತ್ರ ಹೋಗಬೇಕು. ಒಮ್ಮೆ ನಂಬಿಕೆಯ ಅಂಗಡಿ ಸಿಕ್ಕರೆ ಆಮೇಲೆ ಹೋಗಬೇಕಾಗಿಯೂ ಇಲ್ಲ. ತೆಲಂಗಾಣದ ಆರ್‌ಟಿಸಿ 2020ರಲ್ಲಿ ಆರಂಭಿಸಿದ ಕಾರ್ಗೋ ಪಾರ್ಸೆಲ್ ಸೇವೆ ಇದೆ. ಕರ್ನಾಟಕದ ಬಸ್ಸುಗಳಲ್ಲಿ 2021ರಿಂದ ‘ನಮ್ಮ ಕಾರ್ಗೋ’ ಇದೆ.

ಐದನೆಯದು ಆನ್‌ಲೈನ್. ಬೂಡ್ಮೋದಂಥ ಬಿಡಿಭಾಗಗಳಿಗೆಂದೇ ಇರುವ ತಾಣಗಳಲ್ಲಿ ಪಾರ್ಟ್ ನಂಬರ್ ಹಾಕಿ ಹುಡುಕಿದರೆ ಜೆನ್ಯೂಯಿನ್ ಮತ್ತು ಬೇರೆ ತಯಾರಕರ ಮಾಲಿನ ಬೆಲೆ ಪಕ್ಕಪಕ್ಕದಲ್ಲಿ ಕಾಣುತ್ತದೆ. ಅಂಗಡಿಗೆ ಹೋಗುವ ಮುಂಚೆ ಬೆಲೆ ತಿಳಿಯಲು ಮಾತ್ರ ಬಳಸಿದರೂ ಲಾಭ. ಕೊಳ್ಳುವಾಗ ಮೂರು ಸಂಗತಿ ನೋಡಬೇಕು: ಮಾರುವವರ ಹೆಸರು ವಿಳಾಸ ಇದೆಯೇ, ಹಿಂದಿರುಗಿಸುವ ನಿಯಮ ಏನು, ನಿಮ್ಮ ಊರಿಗೆ ಎಷ್ಟು ದಿನದಲ್ಲಿ ಬರುತ್ತದೆ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ವಿವರ, ಮಾಲು ತಯಾರಾದ ದೇಶ, ದೂರು ಅಧಿಕಾರಿಯ ಹೆಸರನ್ನು ಗ್ರಾಹಕರಿಗೆ ತೋರಿಸಲೇಬೇಕು. ಭಾಗ ಬರುವವರೆಗೆ ಗಾಡಿ ಬಿಚ್ಚಿಸಬಾರದು. ಮಿಸ್ತ್ರಿಯ ಅಂಗಳದಲ್ಲಿ ಜಾಕ್ ಮೇಲೆ ವಾರಗಟ್ಟಲೆ ನಿಂತ ಗಾಡಿಯಿಂದ ಮಿಸ್ತ್ರಿಗೂ ನಷ್ಟ, ಯಜಮಾನನಿಗೂ ನಷ್ಟ.

ಕಡೆಯದು ಗುಜರಿ. ಹೊಸದು ಎಲ್ಲೂ ಸಿಗದ ಮಾಡೆಲ್‌ಗಳಿಗೆ ಇದೊಂದೇ ಆಸರೆ. ಸ್ಟೆಬಿಲೈಸರ್ ಬಾರ್, ಬಾಗದ ಬಿರಿಯದ ಕ್ರಾಸ್ ಮೆಂಬರ್, ನಕ್ಕಲ್‌ನಂಥ ಗಟ್ಟಿ ಕಬ್ಬಿಣದ ಭಾಗಗಳನ್ನು ಕಣ್ಣಾರೆ ಪರೀಕ್ಷಿಸಿ ತರಬಹುದು. ಸವೆಯುವುದೇ ಹುಟ್ಟುಗುಣವಾದ ಬಾಲ್ ಜಾಯಿಂಟ್, ಬುಷ್, ಶಾಕ್‌ಗಳನ್ನು ಅಲ್ಲಿಂದ ತರಬಾರದು. ಅವು ಇನ್ನೆಷ್ಟು ದಿನ ಬಾಳುತ್ತವೆ ಎಂಬುದು ಮೇಲಿನ ನೋಟಕ್ಕೆ ತಿಳಿಯುವುದಿಲ್ಲ.

ಭಾಗಕ್ಕೆ ತಕ್ಕ ಅಂಗಡಿ

ಈಗ ಎರಡನ್ನೂ ಕೂಡಿಸಿ ನೋಡೋಣ.

ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಮೊದಲ ಸಾಲಿನವು. ಓಡುವ ಗಾಡಿಯಲ್ಲಿ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಗುಚಿ ಬೀಳುತ್ತದೆ. ಟೈ ರಾಡ್ ಕಳಚಿದರೆ ಸ್ಟಿಯರಿಂಗ್ ತಿರುಗಿಸಿದರೂ ಆ ಚಕ್ರ ಮಾತು ಕೇಳುವುದಿಲ್ಲ. ಇಲ್ಲಿ ಒಂದೇ ಒಂದು ರೂಪಾಯಿಯ ಚೌಕಾಶಿಯೂ ಬೇಡ. ಕಂಪನಿ ಡಬ್ಬಿ ಅಥವಾ ಹೆಸರಾಂತ ತಯಾರಕರ ಡಬ್ಬಿ, ಬಿಲ್ಲಿನೊಂದಿಗೆ. ಸವೆದ ಬಾಲ್ ಜಾಯಿಂಟಿಗೆ ವೆಲ್ಡಿಂಗ್ ಮಾಡಿ ಬಿಗಿ ಮಾಡಿಕೊಡುತ್ತೇನೆ ಎಂದವರ ಮಾತು ಕೇಳಲೇಬಾರದು. ಕೆಲವು ಕಾರುಗಳಲ್ಲಿ ಇದು ಲೋವರ್ ಆರ್ಮ್ ಜೊತೆಗೇ ಬರುತ್ತದೆ, ಕೆಲವದರಲ್ಲಿ ಬೇರೆ ಸಿಗುತ್ತದೆ. ಕೇಳಿ ತಿಳಿಯಬೇಕು.

ಶಾಕ್ ಎರಡನೆಯ ಸಾಲಿನದು. ಅದು ಸತ್ತರೆ ಗಾಡಿ ತಕ್ಷಣ ಬೀಳುವುದಿಲ್ಲ, ಆದರೆ ಬ್ರೇಕ್ ಹಾಕಿದಾಗ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಟೈರ್ ತೇಪೆ ತೇಪೆಯಾಗಿ ಸವೆಯುತ್ತದೆ. ತಯಾರಕರ ಡಬ್ಬಿಯ ಮಾಲು ಇಲ್ಲಿ ಸರಿಯಾದ ಆಯ್ಕೆ. ರಾಯಚೂರಿನಲ್ಲೋ ಮಹಬೂಬನಗರದಲ್ಲೋ ಕೊಳ್ಳಬಹುದು. ಒಂದು ಆಕ್ಸಲ್‌ನ ಎರಡೂ ಬದಿ ಒಟ್ಟಿಗೆ ಬದಲಿಸಬೇಕು. ಎಡಕ್ಕೆ ಹೊಸದು ಬಲಕ್ಕೆ ಹಳೆಯದು ಹಾಕಿದ ಗಾಡಿ ತಿರುವಿನಲ್ಲಿ ಎರಡು ಮನಸ್ಸಿನದಾಗುತ್ತದೆ. ಅದೇ ಸಮಯಕ್ಕೆ ಮೇಲಿನ ಮೌಂಟು, ಬಂಪ್ ಸ್ಟಾಪ್, ಡಸ್ಟ್ ಕವರ್ ಸಹ ಬದಲಿಸಿದರೆ ಬಿಚ್ಚುವ ಕೂಲಿ ಎರಡನೇ ಸಲ ತಪ್ಪುತ್ತದೆ.

ಬುಷ್ ಮತ್ತು ಲಿಂಕ್ ರಾಡ್ ಊರಿನ ಅಂಗಡಿಯಲ್ಲೇ ಕೊಳ್ಳಬಹುದಾದವು, ಒಂದು ಎಚ್ಚರಿಕೆಯೊಂದಿಗೆ. ರಬ್ಬರಿಗೆ ವಯಸ್ಸಿದೆ. ಗಾಳಿ, ಬಿಸಿಲಿನ ಝಳಕ್ಕೆ ಅದು ಅಂಗಡಿಯ ಹಲಗೆಯ ಮೇಲೆಯೂ ಮುಪ್ಪಾಗುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಸೂರಿನ ಅಂಗಡಿಯೊಳಗೆ ವರ್ಷಗಟ್ಟಲೆ ಕೂತ ‘ಹೊಸ’ ಬುಷ್ ಗಾಡಿಗೆ ಹಾಕಿದ ಕೆಲವೇ ದಿನಕ್ಕೆ ಬಿರಿಯಬಹುದು. ಡಬ್ಬಿಯ ಮೇಲಿನ ತಿಂಗಳು ವರ್ಷ ನೋಡಿ, ಉಗುರಿನಿಂದ ಒತ್ತಿ, ಬಾಗಿಸಿ, ಕೂದಲೆಳೆಯ ಬಿರುಕು ಕಂಡರೆ ವಾಪಸು ಇಡಬೇಕು.

ಕಮಾನ್ ಪಟ್ಟಿಯ ಲೆಕ್ಕವೇ ಬೇರೆ. ಒಂದು ಪಟ್ಟಿ ಮುರಿದರೆ ಅದೊಂದನ್ನೇ ಬದಲಿಸಬಹುದು. ಲಾರಿ ಓಡಾಡುವ ಹೆದ್ದಾರಿಯ ಊರುಗಳಲ್ಲಿ ಈ ಕೆಲಸ ಬಲ್ಲವರು ಇದ್ದೇ ಇರುತ್ತಾರೆ. ಇಲ್ಲಿ ದೂರದ ಶೋರೂಮಿಗಿಂತ ಹತ್ತಿರದ ಪಳಗಿದ ಕೈಯೇ ಮೇಲು. ಹೊಸ ಯು ಬೋಲ್ಟ್, ಸೆಂಟರ್ ಬೋಲ್ಟ್, ಶ್ಯಾಕಲ್ ಬುಷ್ ಹಾಕಿಸುವುದನ್ನು ಮರೆಯಬಾರದು. ಕಾಯಿಲ್ ಸ್ಪ್ರಿಂಗ್ ಮುರಿದಿದ್ದರೆ ಹೊಸದೇ ಆಗಬೇಕು, ಅದೂ ಜೋಡಿಯಾಗಿ. ಕುಸಿದ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಗುಟಕಾ ತುರುಕಿ ಗಾಡಿ ಎತ್ತರ ಮಾಡುವುದರಿಂದ ಭಾರ ಒಂದೇ ಸುರುಳಿಯ ಮೇಲೆ ಬಿದ್ದು ಮತ್ತೆ ಮುರಿಯುವ ಸಂಭವ ಹೆಚ್ಚು.

ಕಂಪನಿಯೇ ಹೋದ ಮೇಲೆ

ಮಾರುತಿ 800 ತಯಾರಿಕೆ 2014ರ ಜನವರಿಗೆ ನಿಂತಿತು, ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ. ಓಮ್ನಿ 2019ಕ್ಕೆ ಮುಗಿಯಿತು. ಆದರೂ ಲಕ್ಷಾಂತರ ಮಾರಾಟವಾದ ಗಾಡಿಗಳಿಗೆ ಬೇರೆ ತಯಾರಕರು ಭಾಗ ಮಾಡುತ್ತಲೇ ಇರುತ್ತಾರೆ. ಮಾರುತಿ 800ರ ಬುಷ್ ಹುಡುಕುವವರು ಪರದಾಡಬೇಕಾಗಿಲ್ಲ. ಕಷ್ಟ ಇರುವುದು ಕಡಿಮೆ ಮಾರಾಟವಾಗಿ, ಕಂಪನಿಯೂ ದೇಶ ಬಿಟ್ಟ ಗಾಡಿಗಳದ್ದು. ಶೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಇಂಥ ಗಾಡಿ ಇಟ್ಟುಕೊಂಡವರು ಶಾಕ್ ಸಾಯುವ ತನಕ ಕಾಯದೆ, ಆನ್‌ಲೈನಿನಲ್ಲೋ ರಾಣಿಗಂಜಿನಲ್ಲೋ ಸರಿಯಾದ ಜೋಡಿ ಕಂಡಾಗ ತಂದಿಡುವುದು ಜಾಣತನ. ರಬ್ಬರ್ ಭಾಗಗಳನ್ನು ಮಾತ್ರ ಹೀಗೆ ಕೂಡಿಡಬಾರದು.

ಬಿಲ್ಲು ಎಂಬ ಭಾಗ

‘ಬಿಲ್ ಬೇಡ ಅಂದ್ರ ಕಡಿಮಿ ಮಾಡ್ತೀನ್ರಿ’ ಎಂಬ ಮಾತಿಗೆ ಒಪ್ಪಿದರೆ ವಾರಂಟಿಯನ್ನೂ ಕಾನೂನಿನ ಆಸರೆಯನ್ನೂ ಅಲ್ಲೇ ಬಿಟ್ಟು ಬಂದಂತೆ. 2011ರ ಪ್ಯಾಕೇಜ್ ಸರಕುಗಳ ನಿಯಮದಂತೆ ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಗರಿಷ್ಠ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ಇರಬೇಕು. ಇವು ಇಲ್ಲದ ಅಥವಾ ಅಚ್ಚು ಮಸುಕಾದ, ಕಾಗುಣಿತ ತಪ್ಪಿದ ಡಬ್ಬಿ ಅನುಮಾನಕ್ಕೆ ಸಾಕು. ಡಬ್ಬಿಯ ನಂಬರ್ ಮತ್ತು ಭಾಗದ ಮೈಮೇಲೆ ಕೊರೆದ ನಂಬರ್ ತಾಳೆಯಾಗಬೇಕು.

ಗಡಿಯ ಜನರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದೊಡ್ಡ ಉಪಕಾರ ಮಾಡಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಕಡೆಯ ಆಯೋಗದಲ್ಲೇ ದೂರು ಕೊಡಬಹುದು. ಮೊದಲಿನಂತೆ ಮಾರಿದವರ ಊರಿಗೆ ಅಲೆಯಬೇಕಿಲ್ಲ. ರಾಯಚೂರಿನಲ್ಲಿ ಕೊಂಡದ್ದಕ್ಕೆ ಮದ್ದೂರಿನವರು ತಮ್ಮ ಕಡೆಯಿಂದಲೇ ನ್ಯಾಯ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ಇದಕ್ಕೆಲ್ಲ ಬೇಕಾದದ್ದು ಆ ಒಂದು ತುಂಡು ಕಾಗದ.

ಕೂಡಿಸುವ ಕೈ

ಒಳ್ಳೆಯ ಭಾಗವೂ ತಪ್ಪು ಜೋಡಣೆಯಿಂದ ಬೇಗ ಹಾಳಾಗುತ್ತದೆ. ಲೋವರ್ ಆರ್ಮ್ ಬುಷ್‌ನ ಬೋಲ್ಟುಗಳನ್ನು ಕೊನೆಯದಾಗಿ ಬಿಗಿ ಮಾಡುವುದು ಗಾಡಿಯ ಭಾರ ಚಕ್ರಗಳ ಮೇಲೆ ಕೂತ ನಂತರ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ತಂತಿ ಕಟ್ಟಿ ಬಿಚ್ಚುವ ಸಾಹಸ ಮಿಸ್ತ್ರಿಯ ಪ್ರಾಣಕ್ಕೇ ಕುತ್ತು. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಭಾಗದಲ್ಲಿ ಉಳಿಸಿದ ಹಣವನ್ನು ಟೈರ್ ತಿನ್ನುತ್ತದೆ. ಭಾಗ ಕೊಳ್ಳುವ ಮುಂಚೆಯೇ ಮಿಸ್ತ್ರಿಗೆ ತೋರಿಸಿ, ಅವನು ಯಾವ ಅಂಗಡಿಯನ್ನು ಏಕೆ ಹೇಳುತ್ತಾನೆ ಎಂದು ಕೇಳಬೇಕು. ಹಳೆಯ ಭಾಗವನ್ನು ಕೈಗೆ ಪಡೆದು ಹೊಸದರ ಪಕ್ಕ ಇಟ್ಟು ನೋಡಬೇಕು.

ಇಷ್ಟೆಲ್ಲ ಖರ್ಚು ಹಳೆಯ ಗಾಡಿಗೆ ಬೇಕೇ ಎಂಬ ಪ್ರಶ್ನೆಯೂ ಇದೆ. 15 ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ಚಾಸಿ, ಸ್ಟ್ರಟ್ ಕೂರುವ ಜಾಗ ತುಕ್ಕು ಹಿಡಿದು ತಿಂದುಹೋಗಿದ್ದರೆ ಹೊಸ ಶಾಕ್ ಹಾಕಿ ಪ್ರಯೋಜನವಿಲ್ಲ. ಆದರೆ ಎಂಜಿನ್ ಗಟ್ಟಿ, ಬಾಡಿ ಗಟ್ಟಿ ಇರುವ ಗಾಡಿಗೆ ಬುಷ್, ಶಾಕ್, ಬಾಲ್ ಜಾಯಿಂಟ್ ಬದಲಿಸುವುದು ಹೊಸ ಗಾಡಿಯ ಸಾಲಕ್ಕಿಂತ ಎಷ್ಟೋ ಹಗುರ. ಒಂದು ಬೆಳೆ ಕೈಕೊಟ್ಟರೂ ಕಂತು ತಪ್ಪುವ ಒಕ್ಕಲು ಮನೆಗೆ ಈ ಅಂತರ ಚೆನ್ನಾಗಿ ಗೊತ್ತು.

ಕೊನೆಗೆ ಒಂದು ಸಣ್ಣ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಡಿ. ಚಾಸಿ ನಂಬರ್, ಹಾಕಿದ ಭಾಗದ ಪಾರ್ಟ್ ನಂಬರ್, ತಯಾರಕರು, ಅಂಗಡಿ, ತಾರೀಕು, ಅಂದಿನ ಕಿಲೋಮೀಟರ್ ಬರೆಯಿರಿ, ಬಿಲ್ಲನ್ನು ಅದರೊಳಗೇ ಮಡಚಿಡಿ. ಮುಂದಿನ ಸಲ ಹಂಪಿನ ಮೇಲೆ ‘ಟಕ್’ ಎಂದಾಗ ಯಾವ ಮಾಲು ಎಷ್ಟು ದಿನ ಬಾಳಿತು, ಯಾವ ಅಂಗಡಿಗೆ ಮತ್ತೆ ಹೋಗಬೇಕು ಎಂಬುದು ನಿಮ್ಮದೇ ಕೈಬರಹದಲ್ಲಿ ಇರುತ್ತದೆ.